ತಾಲ್ಲೂಕು ಕಚೇರಿಯಿಂದ ಹಳೆಯ ಜಮೀನಿನ ದಾಖಲೆ ಪಡೆಯುವ ಬಗೆ

ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ (ರೆಕಾರ್ಡ್ ರೂಮಿನಲ್ಲಿ) ಕಡತಗಳು ಹೆಸರಿನಿಂದ ಸಿಗುವುದಿಲ್ಲ, ಸಂಖ್ಯೆಯಿಂದ ಸಿಗುತ್ತವೆ. ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆಯಂಥ ತಾಲ್ಲೂಕುಗಳಲ್ಲಿ ಅಜ್ಜನ ಕಾಲದ ಕಾಗದ ಹುಡುಕಲು ಹೊರಟವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಅಜ್ಜನಿಗೆ ಮಂಜೂರಾಗಿದ್ದ ಎರಡು ಎಕರೆಯ ಕಡತಕ್ಕಾಗಿ ನಾನು ಅವರ ಹೆಸರು ಮತ್ತು ಊರನ್ನಷ್ಟೇ ಬರೆದ ಅರ್ಜಿ ಹಿಡಿದು ಮೂರು ಸಲ ಅಲೆದೆ, ಮೂರು ಸಲವೂ ಗುಮಾಸ್ತರು "ನಂಬರ್ ಎಷ್ಟು, ಯಾವ ಸಾಲಿನದು?" ಎಂದಷ್ಟೇ ಕೇಳಿ ಅರ್ಜಿ ಹಿಂದಿರುಗಿಸಿದರು. ಆಗ ಅದು ಉಡಾಫೆಯೆನಿಸಿತ್ತು. ಸೂರಿನವರೆಗೆ ಪೇರಿಸಿದ ಬಟ್ಟೆಗಂಟುಗಳನ್ನು ಒಮ್ಮೆ ಕಣ್ಣಾರೆ ಕಂಡ ಮೇಲೆ ಆ ಪ್ರಶ್ನೆ ನ್ಯಾಯವಾದದ್ದೇ ಎಂದು ಒಪ್ಪಿಕೊಂಡೆ.

ಆದ್ದರಿಂದ ಹುಡುಕಾಟವನ್ನು ಇಂದಿನ ಪಹಣಿಯಿಂದ ಆರಂಭಿಸಿ ಹಿಂದಕ್ಕೆ ಹೋಗಬೇಕು. ಪಹಣಿಯನ್ನು ಭೂಮಿ ಜಾಲತಾಣದಲ್ಲಾಗಲಿ ನಾಡಕಚೇರಿಯಲ್ಲಾಗಲಿ ಪಡೆಯಬಹುದು. ಅದರ 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, ವಿಸ್ತೀರ್ಣ ಮತ್ತು ಖಾತೆ ಸಂಖ್ಯೆ, 11ನೇ ಕಲಂನಲ್ಲಿ ಸಾಲ ಮುಂತಾದ ಋಣಭಾರ, 12ನೇ ಕಲಂನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರವಿರುತ್ತದೆ. ಹಿಂದಕ್ಕೆ ಹೋಗುವವರಿಗೆ ಮುಖ್ಯವಾದದ್ದು 10ನೇ ಕಲಂ. ಆ ಜಮೀನು ಆ ಹೆಸರಿಗೆ ಹೇಗೆ ಬಂತೆಂಬುದನ್ನು ಅಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ವಹಿ) ಸಂಖ್ಯೆ ಮತ್ತು ಸಾಲಿನ, ಅಂದರೆ ವರ್ಷದ, ರೂಪದಲ್ಲಿ ಬರೆದಿರುತ್ತಾರೆ. ಆ ಎಂ.ಆರ್.ನ ಪ್ರತಿ ತೆಗೆಸಿದರೆ ಅದರಲ್ಲಿ ಕ್ರಯಪತ್ರದ ಸಂಖ್ಯೆ, ವಿಭಾಗಪತ್ರದ ಸಂಖ್ಯೆ ಅಥವಾ ಮಂಜೂರಾತಿ ಆದೇಶದ ಸಂಖ್ಯೆ ಸಿಗುತ್ತದೆ, ಮತ್ತು ಅದು ಅದಕ್ಕಿಂತ ಹಿಂದಿನ ಕಡತಕ್ಕೆ ದಾರಿ ತೋರಿಸುತ್ತದೆ. ಹಳೆಯ ಪಹಣಿಗಳಲ್ಲಿ ಎಂ.ಆರ್. ಬದಲು ಐ.ಎಚ್.ಸಿ. ಎಂದಿದ್ದರೆ ಅದು ಸಾಮಾನ್ಯವಾಗಿ ಪೌತಿ ಖಾತೆ, ಅಂದರೆ ವಾರಸಿನಿಂದ ಆದ ಬದಲಾವಣೆ.

ಇಲ್ಲಿ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಊರಿನ ಹೆಸರು. ಮಲೆನಾಡಿನಲ್ಲಿ ಮನೆಗಳು ಚದುರಿಕೊಂಡಿರುವುದರಿಂದ ನಾವು ಊರೆಂದು ಕರೆಯುವುದು ಎಷ್ಟೋ ಸಲ ಕಂದಾಯ ಗ್ರಾಮವೇ ಆಗಿರುವುದಿಲ್ಲ, ಬೇರೊಂದು ಗ್ರಾಮಕ್ಕೆ ಸೇರಿದ ಮಜರೆ, ಅಂದರೆ ಉಪಗ್ರಾಮವಾಗಿರುತ್ತದೆ. ಇದಕ್ಕೆ ತಿರುಗುಮುರುಗಾಗಿ, ಒಂದೂ ಮನೆಯಿಲ್ಲದ ಬೇಚಿರಾಖ್ ಗ್ರಾಮಗಳೂ ಇವೆ. ಅಲ್ಲಿ ಜನರಿಲ್ಲದಿದ್ದರೂ ದಾಖಲೆಗಳೆಲ್ಲ ಆ ಹೆಸರಿನಲ್ಲೇ ಇರುತ್ತವೆ. ಅರ್ಜಿಯಲ್ಲಿ ಪಹಣಿಯಲ್ಲಿರುವಂತೆಯೇ ಗ್ರಾಮ, ಹೋಬಳಿ, ತಾಲ್ಲೂಕನ್ನು ಬರೆಯಬೇಕೇ ಹೊರತು ಬಾಯಿಮಾತಿನ ಹೆಸರನ್ನಲ್ಲ. ಎರಡನೆಯದು ಸರ್ವೆ ನಂಬರ್. ಪೋಡಿಯಾದ ಮೇಲೆ, ಅಂದರೆ ಜಮೀನನ್ನು ಅಳೆದು ಭಾಗ ಮಾಡಿದ ಮೇಲೆ, 42 ಎಂಬುದು 42/1, 42/2 ಎಂದು ಒಡೆದಿರುತ್ತದೆ, ಇಲ್ಲವೇ ಸರ್ಕಾರಿ ಜಮೀನಿನಲ್ಲಿ ಮಂಜೂರಾದ ತುಂಡುಗಳಿಗೆ ಹೊಸ ನಂಬರ್ ಬಿದ್ದಿರುತ್ತದೆ. ಮಂಜೂರಾಗಿ ಅಳತೆಯಾಗದ ತುಂಡುಗಳಿಗೆ ಭೂಮಿ ತಂತ್ರಾಂಶ ಕೊಟ್ಟಿರುವ ಪಿ1, ಪಿ2 ಎಂಬ ಪೈಕಿ ನಂಬರ್‌ಗಳು ಹಳೆಯ ಕೈಬರಹದ ವಹಿಗಳಲ್ಲಿ ಇರುವುದಿಲ್ಲ. ಅಲ್ಲಿ ಮೂಲ ನಂಬರ್ ಹೇಳಿಯೇ ಹುಡುಕಿಸಬೇಕು.

ಯಾವ ದಾಖಲೆ ಎಲ್ಲಿದೆ ಎಂಬುದು ಮುಂದಿನ ಮಾತು. ಕೈಬರಹದ ಪಹಣಿ, ಮ್ಯುಟೇಶನ್ ವಹಿ, ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ವಹಿ, ಮಂಜೂರಾದವರಿಗೆ ಕೊಟ್ಟ ಸಾಗುವಳಿ ಚೀಟಿಯ ವಹಿ ಇವೆಲ್ಲ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಮತ್ತು ಗ್ರಾಮ ನಕಾಶೆಗಳನ್ನು ಭೂಮಾಪನ ಶಾಖೆಯಲ್ಲಿ ಕೇಳಬೇಕು. ತಾಲ್ಲೂಕುಗಳ ಗಡಿ ಬದಲಾದ ಕಡೆ ಸ್ವಲ್ಪ ಎಚ್ಚರ ಬೇಕು: ಅಜ್ಜಂಪುರ ತರೀಕೆರೆಯಿಂದಲೂ ಕಳಸ ಮೂಡಿಗೆರೆಯಿಂದಲೂ ಬೇರ್ಪಟ್ಟ ತಾಲ್ಲೂಕುಗಳಾದ್ದರಿಂದ ಹಳೆಯ ವಹಿ ಹೊಸ ಕಚೇರಿಯಲ್ಲಿ ಸಿಗದಿದ್ದರೆ ಮೂಲ ತಾಲ್ಲೂಕಿನಲ್ಲೂ ವಿಚಾರಿಸಬೇಕು. ಹಾಸನ ಜಿಲ್ಲೆಯಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಮುಳುಗಡೆ ಸಂತ್ರಸ್ತರಿಗೆ ಸಂಬಂಧಿಸಿದ ಕಡತವಾದರೆ ತಾಲ್ಲೂಕು ಕಚೇರಿಯ ಜೊತೆಗೆ ಆ ಯೋಜನೆಯ ಭೂಸ್ವಾಧೀನ ಕಚೇರಿಯನ್ನೂ ಕೇಳಬೇಕಾಗುತ್ತದೆ. ಕಂದಾಯ ಇಲಾಖೆಯು ಭೂ ಸುರಕ್ಷಾ ಯೋಜನೆಯಡಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದರಿಂದ, ನಿಮ್ಮ ಗ್ರಾಮದ ಕಟ್ಟು ಸ್ಕ್ಯಾನ್ ಆಗಿದೆಯೇ ಎಂದು ಮೊದಲೇ ವಿಚಾರಿಸಿದರೆ ಒಂದೆರಡು ಓಡಾಟ ಉಳಿಯಬಹುದು.

ಅರ್ಜಿಯನ್ನು ತಹಶೀಲ್ದಾರರ ಹೆಸರಿಗೆ ಬರೆದು ದೃಢೀಕೃತ ನಕಲು ಬೇಕೆಂದು ಸ್ಪಷ್ಟವಾಗಿ ಕೇಳಬೇಕು. ಕಂದಾಯದ ವರ್ಷ ಜುಲೈನಿಂದ ಜೂನ್‌ವರೆಗೆ ನಡೆಯುವುದರಿಂದ 1972 ಎಂದು ಬರೆಯದೆ 1971-72 ಮತ್ತು 1972-73 ಎರಡನ್ನೂ ಬರೆಯುವುದು ಲೇಸು. ಕೈಬರಹದ ಪಹಣಿ ವಹಿಯಲ್ಲಿ ಹಲವು ಸಾಲುಗಳು ಒಟ್ಟಿಗೆ ಇರುತ್ತವಾದ್ದರಿಂದ, "1968-69ನೇ ಸಾಲಿನಿಂದ 1972-73ನೇ ಸಾಲಿನವರೆಗೆ" ಎಂಬಂತೆ ಅವಧಿ ಕೊಟ್ಟರೆ ಹುಡುಕುವವರಿಗೂ ಸುಲಭ. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಡಬಾರದು. ಪರಿಚಯದವರ ಕೈಯಲ್ಲಿ ಕೊಟ್ಟು ಬಂದ ಅರ್ಜಿ ಎಷ್ಟು ವಿಶ್ವಾಸದ್ದಾದರೂ ಲೆಕ್ಕಕ್ಕೆ ಬರುವುದಿಲ್ಲ.

ಸಿಕ್ಕ ಹಾಳೆಯನ್ನು ಓದುವುದು ಬೇರೆಯೇ ಕಸುಬು. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ಕೊನೆಗೊಂಡರೂ ಅವರ ಅಕ್ಷರ ಕಪಾಟಿನಲ್ಲಿ ಉಳಿದಿದೆ. ಕೆಲವರದು ಮುತ್ತಿನಂಥದು, ಕೆಲವರದನ್ನು ಅವರೇ ಬಂದು ಓದಬೇಕು. ಹೆಸರುಗಳ ನಡುವಿನ "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ ಎಂಬ ಲೆಕ್ಕ ಗೊತ್ತಿಲ್ಲದಿದ್ದರೆ ವಿಸ್ತೀರ್ಣದ ಅಂಕಿಗಳು ದಶಮಾಂಶದಂತೆ ಕಂಡು ಮೋಸ ಹೋಗುತ್ತೇವೆ. ಶರಾ (ಷರತ್ತು, ಟೀಕೆ ಬರೆಯುವ) ಕಲಂನ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ, ಆದರೆ ಆದೇಶದ ಸಂಖ್ಯೆಗಳು ಹಲವು ಸಲ ಅಡಗಿರುವುದು ಅಲ್ಲಿಯೇ.

ಎಂ.ಆರ್.ನಲ್ಲಿ ನೋಂದಾಯಿತ ಪತ್ರದ ಉಲ್ಲೇಖವಿದ್ದರೆ ಉಪನೋಂದಣಿ ಕಚೇರಿಗೆ ಹೋಗಬೇಕು. 2004ರ ಈಚಿನ ಋಣಭಾರ ಪತ್ರ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ; ಅದಕ್ಕಿಂತ ಹಿಂದಿನದಕ್ಕೆ ಕಚೇರಿಯಲ್ಲೇ ವಹಿಗಳನ್ನು ಹುಡುಕಿಸಬೇಕು. ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾಯ್ದೆಯ 57ನೇ ಕಲಮು ಹೇಳುತ್ತದೆ. "ನೀವು ಪಕ್ಷಕಾರರಲ್ಲ" ಎಂಬ ಉತ್ತರ ಈ ಪುಸ್ತಕಕ್ಕೆ ಸಲ್ಲದು.

ಇಷ್ಟೆಲ್ಲ ಆದಮೇಲೂ "ಕಡತ ಲಭ್ಯವಿಲ್ಲ" ಎಂಬ ಮಾತು ಬರಬಹುದು. ಅದನ್ನು ಬಾಯಿಮಾತಿನಲ್ಲಿ ಒಪ್ಪಿಕೊಂಡು ಮರಳದೆ ಲಿಖಿತ ಹಿಂಬರಹ (ಕಚೇರಿಯ ಬರಹದ ಉತ್ತರ) ಕೇಳಿ ಪಡೆಯಬೇಕು, ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಾಕಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಶುಲ್ಕ 10 ರೂಪಾಯಿ, ಎ4 ಅಳತೆಯ ಪುಟಕ್ಕೆ 2 ರೂಪಾಯಿ. ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಇಲ್ಲಿ ಬಹಳ ಮಂದಿ ಎಡವುವುದು ಅದೇ ಕಡತವನ್ನು ಮತ್ತೆ ಕೇಳುವುದರಲ್ಲಿ. ಬರುವ ಉತ್ತರವೂ ಅದೇ ಆಗಿರುತ್ತದೆ. ಅದರ ಬದಲು ಆ ಸಾಲಿನ ಮಂಜೂರಾತಿ ವಹಿಯ ಪುಟದ ನಕಲು, ಅಭಿಲೇಖಾಲಯದ ಸೂಚಿಯಲ್ಲಿ ಆ ಗ್ರಾಮದ ಪುಟ, ಮತ್ತು ಆ ಕಡತವನ್ನು ಯಾವ ದಿನ ಯಾರು ಹೊರಗೆ ಒಯ್ದರೆಂಬ ನಮೂದನ್ನು ಕೇಳಬೇಕು. ಪ್ರತಿ ಮಾತ್ರವಲ್ಲ, ಕಡತವನ್ನು ಖುದ್ದಾಗಿ ಪರಿಶೀಲಿಸುವ ಹಕ್ಕೂ ಈ ಕಾಯ್ದೆಯಲ್ಲಿದೆ, ಆದ್ದರಿಂದ ಅರ್ಜಿಯಲ್ಲೇ ಪರಿಶೀಲನೆಗೆ ದಿನ ಗೊತ್ತುಮಾಡಲು ಕೋರಬಹುದು. ನನ್ನ ಕಡತ ಸಿಕ್ಕಿದ್ದು ಹೀಗೆ: ಎಂದೋ ಒಂದು ಮೇಲ್ಮನವಿಗೆಂದು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋದದ್ದು ಅಲ್ಲೇ ಉಳಿದುಬಿಟ್ಟಿತ್ತು.

30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ಪುಟದ ಶುಲ್ಕ ಕೇಳುವಂತಿಲ್ಲ. ನಕಲು ಕೈಗೆ ಬಂದಾಗ ಕಿಟಕಿಯ ಬಳಿ ನಿಂತೇ ಗ್ರಾಮ, ಸರ್ವೆ ನಂಬರ್, ಸಾಲು, ದೃಢೀಕರಣದ ಸಹಿ ಮತ್ತು ಮೊಹರನ್ನು ಪ್ರತಿ ಪುಟದಲ್ಲೂ ನೋಡಿಕೊಳ್ಳಬೇಕು. ಹಾಳೆಯ ಹಿಂಬದಿಯಲ್ಲಿ ಬರಹವಿದ್ದು ನಕಲಿನಲ್ಲಿ ಬಿಟ್ಟುಹೋಗಿದ್ದರೆ ಅದನ್ನೂ ಆಗಲೇ ಕೇಳಿ ಸೇರಿಸಿಕೊಳ್ಳಬೇಕು.