ದಿಢೀರ್ ಎತ್ತರ ಬೆಳೆಯುವ ಮಕ್ಕಳಿಗೆ ತರಬೇತಿ ಹೊಂದಿಸುವುದು ಹೇಗೆ?

ಹದಿಮೂರು ವರ್ಷದ ಹುಡುಗರ ಕಬಡ್ಡಿ ತಂಡವೊಂದನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನಿಗೆ ಆಗಲೇ ಮೀಸೆ ಚಿಗುರಿದೆ, ಪಕ್ಕದವನು ಇನ್ನೂ ಐದನೇ ಕ್ಲಾಸಿನವನಂತೆ ಕಾಣುತ್ತಾನೆ. ಇಬ್ಬರಿಗೂ ಅಷ್ಟೇ ಸುತ್ತು ಓಟ, ಅಷ್ಟೇ ಜಿಗಿತ. ಮಂಡಿ ನೋವು, ಹಿಮ್ಮಡಿ ನೋವು ಎಂದು ಮಕ್ಕಳು ಮೈದಾನದ ಅಂಚಿನಲ್ಲಿ ಕೂರುವುದು ಹೆಚ್ಚಾಗಿ ಇಂಥ ಲೆಕ್ಕಾಚಾರದಿಂದಲೇ.

ಚಿಕ್ಕ ಮಕ್ಕಳು ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ಆಮೇಲೆ ಹುಡುಗಿಯರಲ್ಲಿ 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು ಬೆಳವಣಿಗೆ ಏಕಾಏಕಿ ಜೋರಾಗುತ್ತದೆ. ಅದು ತುತ್ತತುದಿ ಮುಟ್ಟಿದಾಗ ಹುಡುಗಿಯರು ವರ್ಷಕ್ಕೆ ಸುಮಾರು 8, ಹುಡುಗರು 9ರಿಂದ 10 ಸೆಂ.ಮೀ. ವೇಗದಲ್ಲಿ ಬೆಳೆಯುತ್ತಿರುತ್ತಾರೆ. ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ತೀರಾ ಸಹಜ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಬೆನ್ನು. ಶೂ ಆರು ತಿಂಗಳಿಗೇ ಬಿಗಿಯಾಯಿತು ಎಂದರೆ ಅದೇ ಮೊದಲ ಸೂಚನೆ. ಮೂಳೆ ಉದ್ದವಾದಷ್ಟು ಬೇಗ ಅದರೊಳಗೆ ಖನಿಜ ತುಂಬುವುದಿಲ್ಲ, ಅದಕ್ಕೆ ಇನ್ನೂ ಆರೆಂಟು ತಿಂಗಳು ಬೇಕು. ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದ ಬೆಳವಣಿಗೆಯ ಪದರ ಆಗ ಮೆದುವಾಗಿರುತ್ತದೆ. ಈ ಅವಧಿಯನ್ನು ಹಿಡಿಯಲು ಲ್ಯಾಬ್ ಬೇಡ. ಗೋಡೆ, ಟೇಪು, ನೋಟ್‌ಬುಕ್ ಸಾಕು.

ಮೊದಲು ಗೋಡೆ

ಬಡಗಿಯ ಸ್ಟೀಲ್ ಟೇಪು, ಒಂದು ಮೂಲೆಮಟ್ಟ, ಪೆನ್ಸಿಲ್ ತೆಗೆದುಕೊಳ್ಳಿ. ದರ್ಜಿಯ ಟೇಪು ಬೇಡ, ಬಳಸಿದಷ್ಟೂ ಹಿಗ್ಗುತ್ತದೆ. ನೆಲದಂಚಿಗೆ ಸ್ಕರ್ಟಿಂಗ್ ಟೈಲ್ಸ್ ಹಾಕಿರುವ ಗೋಡೆಯೂ ಬೇಡ. ಅಲ್ಲಿ ಹಿಮ್ಮಡಿ ಮುಂದಕ್ಕೆ ಬಂದು ಮಗು ಹಿಂದಕ್ಕೆ ವಾಲುತ್ತದೆ.

ಬರಿಗಾಲಲ್ಲಿ ನಿಲ್ಲಿಸಿ. ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಿರಲಿ. ಜುಟ್ಟು, ತುರುಬು ಬಿಚ್ಚಿಸಿ. ಕಣ್ಣಿನ ಕೆಳಗಿನ ಮೂಳೆಯ ಅಂಚು ಮತ್ತು ಕಿವಿರಂಧ್ರದ ಮೇಲಂಚು ಒಂದೇ ಮಟ್ಟದಲ್ಲಿರಬೇಕು. ಗಲ್ಲ ಎತ್ತಿದರೂ ತಗ್ಗಿಸಿದರೂ ಅಳತೆ ಕೆಡುತ್ತದೆ. ಉಸಿರು ಒಳಗೆಳೆದುಕೊಳ್ಳಲು ಹೇಳಿ, ಮೂಲೆಮಟ್ಟದ ಒಂದು ಬದಿ ಗೋಡೆಗೆ ಒತ್ತಿ, ಇನ್ನೊಂದು ಬದಿ ನೆತ್ತಿಗೆ ಕೂರುವಂತೆ ಇಳಿಸಿ ಗುರುತು ಹಾಕಿ. ಮಗುವನ್ನು ಆಚೆ ಕಳಿಸಿ, ಪುನಃ ಕರೆದು ಇನ್ನೊಮ್ಮೆ ಅಳೆಯಿರಿ. ಎರಡರ ನಡುವೆ 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ ಅಳೆದು ಮಧ್ಯದ ಸಂಖ್ಯೆ ಬರೆದುಕೊಳ್ಳಿ.

ಅಳೆಯುವುದು ಯಾವಾಗಲೂ ಬೆಳಿಗ್ಗೆ, ಅಭ್ಯಾಸಕ್ಕೆ ಮುಂಚೆ. ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ದಿನವಿಡೀ ಒತ್ತಡಕ್ಕೆ ಕುಗ್ಗುವುದರಿಂದ ಸಂಜೆ ಹೊತ್ತಿಗೆ ಒಂದು ಸೆಂ.ಮೀ. ತನಕ ಎತ್ತರ ಕಮ್ಮಿ ಬರುತ್ತದೆ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಅಳೆದವರ ಲೆಕ್ಕದಲ್ಲಿ ಮಗು ಬೆಳೆದದ್ದೇ ಕಾಣುವುದಿಲ್ಲ.

ವೇಗದ ಲೆಕ್ಕ

ಅಳತೆ ಮೂರು ತಿಂಗಳಿಗೊಮ್ಮೆ ಸಾಕು. ಉತ್ಸಾಹದಲ್ಲಿ ಪ್ರತಿ ತಿಂಗಳು ಅಳೆಯುವವರಿದ್ದಾರೆ, ಅದರಿಂದ ಗೊಂದಲವೇ ಹೆಚ್ಚು. ಅಳೆಯುವಾಗ ಅರ್ಧ ಸೆಂ.ಮೀ. ತಪ್ಪಿದರೆ ಒಂದು ತಿಂಗಳ ಲೆಕ್ಕದಲ್ಲಿ ಅದು ವರ್ಷಕ್ಕೆ 6 ಸೆಂ.ಮೀ. ತಪ್ಪಾಗಿ ಹಿಗ್ಗುತ್ತದೆ, ಮೂರು ತಿಂಗಳ ಲೆಕ್ಕದಲ್ಲಿ 2 ಸೆಂ.ಮೀ.ಗೆ ನಿಲ್ಲುತ್ತದೆ.

ಉದಾಹರಣೆಗೆ, ಹುಡುಗನೊಬ್ಬ ಮಾರ್ಚ್ 16ಕ್ಕೆ 147.2, ಜೂನ್ 15ಕ್ಕೆ 148.6, ಸೆಪ್ಟೆಂಬರ್ 14ಕ್ಕೆ 150.9 ಸೆಂ.ಮೀ. ಇದ್ದಾನೆ ಎನ್ನಿ. ಮೊದಲ 91 ದಿನದಲ್ಲಿ 1.4 ಸೆಂ.ಮೀ. ಬೆಳೆದಿದ್ದಾನೆ. ಅದನ್ನು 91ರಿಂದ ಭಾಗಿಸಿ 365ರಿಂದ ಗುಣಿಸಿದರೆ ವರ್ಷಕ್ಕೆ 5.6. ಮುಂದಿನ 91 ದಿನದಲ್ಲಿ 2.3 ಸೆಂ.ಮೀ., ಅಂದರೆ ವರ್ಷಕ್ಕೆ 9.2. ಇವನು ಏರುಗತಿಗೆ ಬಿದ್ದಾಯಿತು. ವರ್ಷಕ್ಕೆ 7 ಸೆಂ.ಮೀ. ದಾಟಿದರೆ ಎಚ್ಚರ ವಹಿಸಿ. ತಿಂಗಳಿಗೆ 0.6 ಸೆಂ.ಮೀ. ಅಥವಾ ಹೆಚ್ಚು ಬೆಳೆಯುವ ಹದಿಹರೆಯದ ಫುಟ್‌ಬಾಲ್ ಆಟಗಾರರಲ್ಲಿ ಗಾಯದ ಪ್ರಮಾಣ ಏರಿದ್ದನ್ನು ನೆದರ್ಲೆಂಡ್ಸ್‌ನ ಸಂಶೋಧಕರು ದಾಖಲಿಸಿದ್ದಾರೆ.

ಹಿಂದಿನ ಅಳತೆಗಳೇ ಇಲ್ಲದ ಮಗುವಿಗೆ ಕೆನಡಾದ ಸಂಶೋಧಕರು 2015ರಲ್ಲಿ ಸರಳಗೊಳಿಸಿದ ಸೂತ್ರವಿದೆ. ಹುಡುಗರಿಗೆ: ವಯಸ್ಸು × ಎತ್ತರ (ಸೆಂ.ಮೀ.) × 0.0036124, ಅದರಲ್ಲಿ 8 ಕಳೆಯಿರಿ. ಹುಡುಗಿಯರಿಗೆ: ವಯಸ್ಸು × ಎತ್ತರ × 0.0042232, ಅದರಲ್ಲಿ 7.709 ಕಳೆಯಿರಿ. ಸರಿಯಾಗಿ 13 ವರ್ಷದ, 152 ಸೆಂ.ಮೀ. ಎತ್ತರದ ಹುಡುಗನಿಗೆ ಉತ್ತರ –0.86. ಅಂದರೆ ಬೆಳವಣಿಗೆಯ ತುತ್ತತುದಿಗೆ ಇನ್ನೂ ಹತ್ತು ತಿಂಗಳಿದೆ ಎಂಬ ಅಂದಾಜು. ಅಂದಾಜು ಎಂಬುದನ್ನು ಮರೆಯಬೇಡಿ: ಒಂದು ವರ್ಷ ಆಚೀಚೆ ಆಗಬಹುದು. ಬೇಗ ಅಥವಾ ತಡವಾಗಿ ಬೆಳೆಯುವ ಮಕ್ಕಳಲ್ಲಿ, ಅಂದರೆ ನಮಗೆ ಲೆಕ್ಕ ಬೇಕಾದವರಲ್ಲೇ, ಸೂತ್ರ ಹೆಚ್ಚು ಎಡವುತ್ತದೆ. ಅದು ಹುಟ್ಟಿದ್ದು ಕೆನಡಾದ ಮಕ್ಕಳ ಅಳತೆಯಿಂದ. ಗೋಡೆಯ ಮೇಲಿನ ಗುರುತು ಒಂದು ಹೇಳಿ ಸೂತ್ರ ಇನ್ನೊಂದು ಹೇಳಿದರೆ ಗೋಡೆಯನ್ನೇ ನಂಬಿ.

ಹೊರೆಯ ನೋಟ್‌ಬುಕ್

ಶಾಲೆಯ ಪಿ.ಟಿ. ಮೇಷ್ಟ್ರಿಗೆ ಕಾಣುವುದು ಶಾಲೆಯ ಅಭ್ಯಾಸ, ಕ್ಲಬ್ ಕೋಚ್‌ಗೆ ಕಾಣುವುದು ಕ್ಲಬ್ಬಿನದು. ಎರಡನ್ನೂ ಕೂಡಿಸುವವರು ಯಾರೂ ಇಲ್ಲ. ನೋಟ್‌ಬುಕ್ ಇರುವುದು ಇದಕ್ಕಾಗಿ, ಮತ್ತು ಅದು ಇರಬೇಕಾದ್ದು ಮಗುವಿನ ಚೀಲದಲ್ಲಿ.

ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ರೂಢಿಗೆ ತಂದ ವಿಧಾನ ಸುಲಭವಾಗಿದೆ. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ‘ಇವತ್ತು ಒಟ್ಟಾರೆ ಎಷ್ಟು ಕಷ್ಟ ಅನ್ನಿಸಿತು?’ ಎಂದು ಕೇಳಿ. 0 ಅಂದರೆ ವಿಶ್ರಾಂತಿ, 3 ಸಾಧಾರಣ, 5 ಕಷ್ಟ, 7 ತುಂಬಾ ಕಷ್ಟ, 10 ಅಂದರೆ ಇನ್ನು ಆಗುವುದೇ ಇಲ್ಲ. ಆ ಅಂಕವನ್ನು ನಿಮಿಷಗಳಿಂದ ಗುಣಿಸಿದರೆ ಬರುವುದೇ ಆ ಅಭ್ಯಾಸದ ಹೊರೆ. ತಕ್ಷಣ ಕೇಳಿದರೆ ಕೊನೆಯ ಓಟದ ಸುಸ್ತೇ ಇಡೀ ಅಭ್ಯಾಸದ ಅಂಕವಾಗುತ್ತದೆ. ಎಲ್ಲರೆದುರು ಕೇಳಿದರೆ ಮಕ್ಕಳು ಕೋಚ್‌ಗೆ ಇಷ್ಟವಾಗುವ ಅಂಕ ಕೊಡುತ್ತಾರೆ. ಹಾಗಾಗಿ ಒಬ್ಬೊಬ್ಬರನ್ನೇ ಕೇಳಿ, ಅಂಕ ಹೆಚ್ಚಾಯಿತೆಂದು ಬೈಯಬೇಡಿ.

ಏಳನೇ ಕ್ಲಾಸಿನ ಖೋ ಖೋ ಆಟಗಾರ್ತಿಯ ಒಂದು ವಾರ ನೋಡೋಣ. ಶಾಲೆಯಲ್ಲಿ ಬೆಳಿಗ್ಗೆ 45 ನಿಮಿಷ, ಅಂಕ 4, ಐದು ದಿನ: 900. ಸಂಜೆ ಕ್ಲಬ್ಬಿನಲ್ಲಿ 75 ನಿಮಿಷ, ಅಂಕ 6, ಮೂರು ದಿನ: 1350. ಭಾನುವಾರದ ಪಂದ್ಯ 60 ನಿಮಿಷ, ಅಂಕ 8: 480. ಒಟ್ಟು 2730. ಇದೇ ಹುಡುಗಿ ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿ, ದಿನಕ್ಕೆರಡು ಹೊತ್ತು ತಲಾ 90 ನಿಮಿಷ, ಅಂಕ 5ರಂತೆ ವಾರಕ್ಕೆ ಆರು ದಿನ ಆಡಿದರೆ 5400. ಹೊರೆ ರಾತ್ರೋರಾತ್ರಿ ಇಮ್ಮಡಿ! ಪರೀಕ್ಷೆಯ ರಜೆಯಲ್ಲಿ ಮೂರು ವಾರ ಮೈದಾನವನ್ನೇ ಕಾಣದೆ ನೇರ ಶಿಬಿರಕ್ಕೆ ಬಂದ ಮಗುವಿಗಂತೂ ಇನ್ನೂ ಕೆಟ್ಟದ್ದು. ಶಿಬಿರದ ಮೊದಲ ವಾರ ಒಂದೇ ಹೊತ್ತು ಸಾಕು.

ಈ ವಾರದ ಹೊರೆಯನ್ನು ಹಿಂದಿನ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ ‘ಇಷ್ಟು ದಾಟಿದರೆ ಗಾಯ ಖಚಿತ’ ಎನ್ನುವ ಆ್ಯಪ್‌ಗಳಿವೆ. ಆ ಅನುಪಾತದ ಬಗ್ಗೆ ಸಂಶೋಧಕರಲ್ಲೇ ತಕರಾರಿದೆ. ದಿಢೀರ್ ಜಿಗಿತ ಕಂಡರೆ ತಗ್ಗಿಸಿ, ದಶಾಂಶದ ಹಿಂದೆ ಬೀಳಬೇಡಿ. ಇನ್ನೊಂದು ಅಂದಾಜು ನೆನಪಿಡಲು ಸುಲಭ: ವಾರಕ್ಕೆ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು. ಷಿಕಾಗೊದಲ್ಲಿ 1200ರಷ್ಟು ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾಟಿದವರಿಗೆ ಅತಿಬಳಕೆಯ ಗಂಭೀರ ಗಾಯಗಳು ಹೆಚ್ಚಿದ್ದವು.

ಏರುಗತಿಯಲ್ಲಿ ಏನು ಬದಲಿಸಬೇಕು?

ಆಟ ನಿಲ್ಲಿಸಬೇಕಿಲ್ಲ. ಒಂದೇ ಜಾಗಕ್ಕೆ ಬೀಳುವ ಪೆಟ್ಟನ್ನು ಕಮ್ಮಿ ಮಾಡಬೇಕು: ಎತ್ತರದಿಂದ ಧುಮುಕುವುದು, ಒಂಟಿ ಕಾಲಿನ ಸರಣಿ ಜಿಗಿತ, ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಓಟ, ಪೂರ್ತಿ ವೇಗದ ಸ್ಪ್ರಿಂಟುಗಳ ಎಣಿಕೆ. ಮೂರನೇ ಒಂದು ಭಾಗ ಇಳಿಸಿ ಶುರು ಮಾಡಿ, ಎರಡು ವಾರ ನೋಡಿ. ಉಳಿದ ಸಮಯಕ್ಕೆ ಎರಡೂ ಕಾಲಲ್ಲಿ ಮಂಡಿ ಬಾಗಿಸಿ ಸದ್ದಿಲ್ಲದೆ ಇಳಿಯುವುದು, ಒಂಟಿ ಕಾಲಿನ ಸಮತೋಲನ, ಪ್ಲ್ಯಾಂಕ್, ಬಸ್ಕಿಯನ್ನು ಹಾಕಿ. ಕಾಲು ಉದ್ದವಾದ ಹುಡುಗನ ಕೈಕಾಲು ಹಿಡಿತ ತಪ್ಪುವುದು ನಿಜ, ನಿನ್ನೆ ಸಲೀಸಾಗಿದ್ದ ಕ್ಯಾಚ್ ಇಂದು ಜಾರುತ್ತದೆ. ಅವನನ್ನು ಸೋಮಾರಿ ಎನ್ನಬೇಡಿ.

ತೂಕ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ. ಬಲ್ಲವರ ಕಣ್ಣೆದುರು, ವಾರಕ್ಕೆ ಎರಡು ದಿನ, ಎರಡು ಮೂರು ಸೆಟ್, ಸೆಟ್ಟಿಗೆ 8ರಿಂದ 12 ಸಲ ಮಾಡಿಸಬಹುದು. ಭಂಗಿ ಕೆಟ್ಟ ಕ್ಷಣ ಸೆಟ್ ಮುಗಿಯಿತು.

ವೇಗದ ಬೌಲರ್‌ಗಳಿಗೆ ಎಸೆತದ ಎಣಿಕೆ ಬೇರೆಯೇ ಇಡಬೇಕು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಹಲವು ವರ್ಷ ಪಾಲಿಸಿದ ಮಿತಿ ಹೀಗಿದೆ: 13ರವರೆಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14–15ರ ವಯೋಮಿತಿಯಲ್ಲಿ 6 ಮತ್ತು 12. ನಮ್ಮಲ್ಲಿ ಹುಡುಗರು ಸೊರಗುವುದು ಪಂದ್ಯದಲ್ಲಲ್ಲ, ನೆಟ್ಸ್‌ನಲ್ಲಿ. ‘ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಹಾಕಿಬಿಡೋ’ ಎನ್ನುವ ಓವರುಗಳು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ನೋವು ಎಲ್ಲಿದೆ?

‘ಒಂದೇ ಬೆರಳಿನಲ್ಲಿ ತೋರಿಸು’ ಎನ್ನಿ. ಮಂಡಿಚಿಪ್ಪಿನ ಕೆಳಗಿನ ಉಬ್ಬು ತೋರಿಸಿದರೆ ಆಸ್‌ಗುಡ್–ಶ್ಲಾಟರ್, ಹಿಮ್ಮಡಿಯ ಹಿಂಭಾಗ ತೋರಿಸಿದರೆ ಸೀವರ್ ತೊಂದರೆ ಇರಬಹುದು. ಎರಡೂ ರಜ್ಜು ಎಳೆತದಿಂದ ಬರುವಂಥವು. ನೋವು 10ಕ್ಕೆ 3ರೊಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಹೊರೆ ತಗ್ಗಿಸಿ ಆಡಿಸಬಹುದು. ಕುಂಟುತ್ತಿದ್ದರೆ ಆ ದಿನದ ಆಟ ಮುಗಿಯಿತು. ನೋವಿನ ಉಬ್ಬನ್ನು ತಿಕ್ಕಿಸಬೇಡಿ, ತೊಡೆಯನ್ನು ಬಲವಂತವಾಗಿ ಎಳೆದು ಸ್ಟ್ರೆಚ್ ಮಾಡಿಸಬೇಡಿ.

ಬೌಲರ್‌ನ ಸೊಂಟದ ಒಂದೇ ಪಕ್ಕದಲ್ಲಿ ನೋವಿದ್ದು, ಹಿಂದಕ್ಕೆ ಬಾಗಿದಾಗ ಹೆಚ್ಚಾದರೆ ಬೌಲಿಂಗ್ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಮೂಳೆಯ ಒತ್ತಡದ ಬಿರುಕು ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾಗಬಹುದು. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರದೊಂದಿಗೆ ಬಂದ ಊತ ಇವಕ್ಕೂ ಕಾಯಬೇಡಿ.

ಹುಡುಗಿಯರ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಇರಲಿ, ಅದನ್ನು ತಾಯಿಯೋ ಶಿಕ್ಷಕಿಯೋ ನೋಡಿಕೊಳ್ಳಲಿ. ಮೊದಲ ಮುಟ್ಟು ಸಾಮಾನ್ಯವಾಗಿ ಬೆಳವಣಿಗೆಯ ತುತ್ತತುದಿ ದಾಟಿ ಸುಮಾರು ಒಂದು ವರ್ಷಕ್ಕೆ ಬರುತ್ತದೆ. 15 ತುಂಬಿದರೂ ಆಗದಿದ್ದರೆ, ಅಥವಾ ಸರಿಯಾಗಿದ್ದ ಮುಟ್ಟು ಮೂರು ತಿಂಗಳು ನಿಂತರೆ, ಊಟ ಶ್ರಮಕ್ಕೆ ಸಾಲುತ್ತಿಲ್ಲ ಎಂಬ ಶಂಕೆಯಿಂದಲೇ ವೈದ್ಯರನ್ನು ಕಾಣಬೇಕು. ‘ಓಟಗಾರ್ತಿಯರಿಗೆ ಹಾಗೇ’ ಎಂಬ ಸಮಾಧಾನ ಅಪಾಯಕಾರಿ. ಮುಂದೆ ಅವಳ ಮೂಳೆ ಇದಕ್ಕೆ ಬೆಲೆ ತೆರುತ್ತದೆ.

ನಿದ್ದೆಯ ಗಂಟೆಗಳನ್ನೂ ಬರೆಯಿರಿ. ಲಾಸ್ ಏಂಜಲೀಸ್‌ನ 112 ಶಾಲಾ ಕ್ರೀಡಾಪಟುಗಳ ಅಧ್ಯಯನದಲ್ಲಿ ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯದ ಸಾಧ್ಯತೆ 1.7 ಪಟ್ಟಿತ್ತು. ಬೆಳಿಗ್ಗೆ ಐದೂವರೆಗೆ ಮೈದಾನ, ರಾತ್ರಿ ಹತ್ತರವರೆಗೆ ಟ್ಯೂಷನ್ನು ಹೋಮ್‌ವರ್ಕು ಎಂದರೆ ಎಂಟು ಗಂಟೆ ಎಲ್ಲಿಂದ ಬರಬೇಕು? ಅಂಥ ಮಗುವಿಗೆ ವಾರದಲ್ಲಿ ಎರಡು ಬೆಳಗಿನ ಅಭ್ಯಾಸ ಬಿಡಿಸುವುದೇ ಮೇಲು.

ಸತತ ಎರಡು ಅಳತೆಗಳಲ್ಲಿ ವೇಗ ವರ್ಷಕ್ಕೆ 6 ಸೆಂ.ಮೀ.ಗಿಂತ ಕೆಳಗಿಳಿದು, ಬೆರಳಿಟ್ಟು ಒತ್ತಿದಾಗ ನೋವಿಲ್ಲದಿದ್ದರೆ ಕಡಿತ ಮಾಡಿದ್ದನ್ನು ವಾಪಸ್ ಕೊಡಬಹುದು. ಮೊದಲು ಎಣಿಕೆ ಏರಿಸಿ, ಎರಡು ವಾರ ಬಿಟ್ಟು ವೇಗ ಏರಿಸಿ. ಎರಡನ್ನೂ ಒಂದೇ ವಾರ ಏರಿಸಬೇಡಿ.