ನಂದಿ ಸೀಮೆಗೆ ಪ್ರವಾಸೋದ್ಯಮ ಯೋಜನೆ ರೂಪಿಸುವ ಕ್ರಮ: ಮೊದಲು ನೀರು, ಆಮೇಲೆ ದಾರಿ, ಕೊನೆಗೆ ಕಟ್ಟಡ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪ್ರವಾಸೋದ್ಯಮದ ಯೋಜನೆ ಬರೆಯಲು ಕೂರುವವರು, ಜಿಲ್ಲಾಡಳಿತದ ಅಧಿಕಾರಿಗಳಾಗಲಿ ಗ್ರಾಮ ಪಂಚಾಯಿತಿಯ ಸದಸ್ಯರಾಗಲಿ, ಸಾಮಾನ್ಯವಾಗಿ ಯಾತ್ರಿನಿವಾಸ, ಹೋಟೆಲು, ವೀಕ್ಷಣಾ ಗೋಪುರಗಳ ಪಟ್ಟಿಯಿಂದ ಆರಂಭಿಸುತ್ತಾರೆ. ರಸ್ತೆಯ ವಿಚಾರ ಆಮೇಲೆ ಬರುತ್ತದೆ. ನೀರು ಮತ್ತು ಕಾಡಿನ ವಿಚಾರ ಬರುವುದು ಅನುಮತಿ ಪತ್ರ ಬೇಕಾದಾಗ ಮಾತ್ರ. ಈ ಕ್ರಮವನ್ನು ಪೂರ್ತಿ ತಿರುವುಮುರುವು ಮಾಡಿದರೆ ಮಾತ್ರ ಬೇರೆ ಬೇರೆ ಇಲಾಖೆಗಳ ಕೆಲಸ ಒಂದಕ್ಕೊಂದು ಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ನೀರಿನ ಲೆಕ್ಕ ಮೊದಲು ಏಕೆ ಎಂಬುದಕ್ಕೆ ಈ ನೆಲವೇ ಉತ್ತರ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ನಂದಿ ಬೆಟ್ಟದ ಸಾಲಿನಲ್ಲಿ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುತ್ತವೆ. ಆದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಹರಿಸುತ್ತಿರುವುದು ಅಂತರ್ಜಲ ಮರುಪೂರಣಕ್ಕಾಗಿಯೇ ಹೊರತು ಅತಿಥಿಗೃಹಗಳ ಬಳಕೆಗಲ್ಲ. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗೊತ್ತುಪಡಿಸಿದೆ. ಈಜುಕೊಳ, ಹುಲ್ಲುಹಾಸು ಇರುವ ರೆಸಾರ್ಟಿನ ಅತಿಥಿಗೆ ಇದರ ಹಲವು ಪಟ್ಟು ಬೇಕಾಗುತ್ತದೆ. ಆದ್ದರಿಂದ ಪ್ರಸ್ತಾವಿತ ಕೊಠಡಿಗಳಿಗೆ ಬೇಕಾಗುವ ನೀರನ್ನು ಒಂದು ಅಂಕಣದಲ್ಲಿಯೂ, ಆ ಪಂಚಾಯಿತಿಯ ಕೊಳವೆಬಾವಿಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕೊಡುವ ನೀರನ್ನು ಪಕ್ಕದ ಅಂಕಣದಲ್ಲಿಯೂ ಬರೆಯಿರಿ. ಮಳೆಗಾಲದ ಅಂಕಿ ಹಾಕಿದರೆ ಇಡೀ ಲೆಕ್ಕ ಸುಳ್ಳಾಗುತ್ತದೆ. ಎರಡೂ ತಾಳೆಯಾಗದಿದ್ದರೆ ಕಡಿಮೆ ಮಾಡಬೇಕಾದದ್ದು ಕೊಠಡಿಗಳನ್ನು. ಇನ್ನೊಂದು ಕೊಳವೆಬಾವಿ ಕೊರೆಸುವುದು ಪರಿಹಾರವಲ್ಲ.

ಎರಡನೆಯದು ಸಂಚಾರ, ಹೆಚ್ಚು ಶ್ರಮ ಬೇಕಾದದ್ದು ಇಲ್ಲಿಯೇ. ನಂದಿಗೆ ಬರುವವರಲ್ಲಿ ಬಹುಪಾಲು ಜನ ಸೂರ್ಯೋದಯ ನೋಡಲೆಂದೇ ಬರುವುದರಿಂದ ವಾರಾಂತ್ಯದ ದಟ್ಟಣೆ ಬೆಳಗಿನ ಜಾವವೇ ಆರಂಭವಾಗುತ್ತದೆ. ಅದೇ ಹೊತ್ತಿಗೆ ಸುತ್ತಲಿನ ತೋಟಗಳಿಂದ ಹೂವಿನ ಮೂಟೆ, ತರಕಾರಿ ಕ್ರೇಟುಗಳನ್ನು ಹೇರಿಕೊಂಡ ಟೆಂಪೊಗಳು ಮಾರುಕಟ್ಟೆಗೆ ಹೊರಟಿರುತ್ತವೆ. ಕಾರುಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಸೇವಂತಿಗೆ ಹರಾಜಿಗೆ ತಡವಾದರೆ ಆ ದಿನದ ಬೆಲೆ ರೈತರ ಕೈತಪ್ಪುತ್ತದೆ. ಆದ್ದರಿಂದ ವಾಹನ ಎಣಿಕೆ ಮಾಡಿಸುವಾಗ ಪ್ರವಾಸಿಗರ ಕಾರು, ಬೈಕುಗಳ ಜೊತೆಗೆ ಸರಕು ವಾಹನಗಳನ್ನೂ ಗಂಟೆಗಂಟೆಗೆ ಪ್ರತ್ಯೇಕವಾಗಿ ಎಣಿಸಿ.

ಎಣಿಕೆಯಾದ ಮೇಲೆ ಮಿತಿಯನ್ನು ಗೊತ್ತುಮಾಡಬೇಕು. ಉದಾಹರಣೆಗೆ, ಮೇಲೆ 300 ಕಾರು ನಿಲ್ಲಲು ಸ್ಥಳವಿದ್ದು, ಪ್ರತಿ ಕಾರೂ ಸರಾಸರಿ ಮೂರು ಗಂಟೆ ನಿಲ್ಲುತ್ತದೆ ಎಂದಾದರೆ, ಸ್ಥಳ ಒಮ್ಮೆ ಭರ್ತಿಯಾದ ನಂತರ ಗಂಟೆಗೆ 100ಕ್ಕಿಂತ ಹೆಚ್ಚು ಕಾರುಗಳನ್ನು ಬಿಡುವುದು ಸಾಧ್ಯವಿಲ್ಲ. ಬಿಟ್ಟರೆ ಘಾಟಿಯ ತಿರುವುಗಳೇ ನಿಲುಗಡೆಯ ಜಾಗವಾಗುತ್ತವೆ. ಉಳಿದವರು ತಪ್ಪಲಿನಲ್ಲಿ ವಾಹನ ನಿಲ್ಲಿಸಿ ಬಸ್ಸಿನಲ್ಲಿ ಹತ್ತುವ ವ್ಯವಸ್ಥೆ ಬೇಕು. ಯಲಹಂಕ–ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ನಿಲ್ದಾಣವೇ ಇದೆ. ಆದರೆ ಬೆಳಗಿನ ಜಾವಕ್ಕೆ ರೈಲು ತಲುಪದಿದ್ದರೆ, ತಲುಪಿದಾಗ ಎದುರಿಗೆ ಬಸ್ಸು ನಿಂತಿರದಿದ್ದರೆ, ಅದರಿಂದ ಒಂದು ಕಾರೂ ಕಡಿಮೆಯಾಗುವುದಿಲ್ಲ. ನೈರುತ್ಯ ರೈಲ್ವೆಗೆ ಪತ್ರ ಬರೆಯುವಾಗ 'ಹೆಚ್ಚು ರೈಲು ಬಿಡಿ' ಎಂದು ಕೇಳುವ ಬದಲು ಯಾವ ವಾರ, ಎಷ್ಟು ಗಂಟೆಗೆ, ಎಷ್ಟು ಜನ ಎಂದು ಎಣಿಕೆಯ ಸಮೇತ ಕೇಳಿ, ಕೆಎಸ್‌ಆರ್‌ಟಿಸಿಯ ಹೊಂದಿಕೆಯ ವೇಳಾಪಟ್ಟಿಯನ್ನು ಅದಕ್ಕೆ ಲಗತ್ತಿಸಿ.

2023ರಲ್ಲಿ ಆವಲಗುರ್ಕಿಯ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಜಿಲ್ಲೆಗೆ ಸಂಜೆಯ ದಟ್ಟಣೆಯೂ ಸೇರಿಕೊಂಡಿದೆ. ಈ ಎರಡು ಹೊತ್ತುಗಳ ನಡುವಿನ ಬಿಡುವಿನಲ್ಲಿ ಭೋಗನಂದೀಶ್ವರ ದೇವಾಲಯ ಮತ್ತು ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಗಳನ್ನು ಜೋಡಿಸುವ ಸುತ್ತುಬಸ್ಸು ಓಡಿಸಿದರೆ ಊಟ, ಹಣ್ಣು, ಕರಕುಶಲ ವಸ್ತುಗಳ ವ್ಯಾಪಾರ ಹಳ್ಳಿಗಳಿಗೆ ಹಂಚಿಕೆಯಾಗುತ್ತದೆ. ಹೊಸ ಆಕರ್ಷಣೆ ಕಟ್ಟುವುದಕ್ಕಿಂತ ಇದು ಎಷ್ಟೋ ಅಗ್ಗ.

ಪರಿಸರದ ಮಿತಿಗಳನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿಕೊಳ್ಳಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲದ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ಅರಣ್ಯದ ಗಡಿಯನ್ನು ಅರಣ್ಯ ಇಲಾಖೆಯವರಿಂದಲೇ ಗುರುತು ಮಾಡಿಸಿ. ಕಡಿದಾದ ಇಳಿಜಾರು ಮತ್ತು ಹಳ್ಳಗಳಿಗೆ ಬೇರೆ ಬಣ್ಣ ಕೊಡಿ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆಯೇ ಕಡಿದುಹೋದಾಗ ಬೆಟ್ಟವನ್ನು ಪ್ರವಾಸಿಗರಿಗೆ ಕೆಲವು ತಿಂಗಳು ಮುಚ್ಚಬೇಕಾಯಿತು. ರಸ್ತೆ ಅಗಲೀಕರಣದ ಅಂದಾಜುಪಟ್ಟಿಯಲ್ಲಿ ಚರಂಡಿ ಮತ್ತು ಮೋರಿಗಳಿಗೆ ಹಣವಿಲ್ಲದಿದ್ದರೆ ಕಡತವನ್ನು ಲೋಕೋಪಯೋಗಿ ಇಲಾಖೆಗೆ ಹಿಂದಿರುಗಿಸಿ. ಜನರ ಸಂಖ್ಯೆಗೆ ಮಿತಿ ಹಾಕುವುದು ಇಲ್ಲಿ ಹೊಸದೇನಲ್ಲ. ಸ್ಕಂದಗಿರಿಯ ಚಾರಣಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿ ಇದೆ.

ಇಷ್ಟು ಕೈಯಲ್ಲಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಭೆ ಕರೆಯಬಹುದು. ಹಲವು ಇಲಾಖೆಗಳ ಕೆಲಸ ಇಲ್ಲಿ ಸೇರಿಕೊಂಡಿರುವುದರಿಂದ ಪ್ರವಾಸೋದ್ಯಮ ಇಲಾಖೆಯೊಂದೇ ಕೂತು ತೀರ್ಮಾನಿಸಿದರೆ ಸಾಲದು. ತೋಟಗಾರಿಕೆ, ಅರಣ್ಯ, ಪೊಲೀಸ್, ಸಾರಿಗೆ, ರೈಲ್ವೆ, ಪುರಾತತ್ವ ಇಲಾಖೆಗಳ ಜೊತೆಗೆ ತಪ್ಪಲಿನ ಪಂಚಾಯಿತಿಗಳ ಅಧ್ಯಕ್ಷರೂ ಕುಳಿತಿರಬೇಕು. ಕಸ ಹೊರುವವರು ಅವರೇ ಆದ್ದರಿಂದ ನಿಲುಗಡೆ ಶುಲ್ಕದಲ್ಲಿ ಅವರ ಪಾಲೆಷ್ಟು ಎಂಬುದು ನಡವಳಿಯಲ್ಲಿ ಶೇಕಡಾವಾರು ದಾಖಲಾಗಲಿ. ಬಸ್ಸಿನ ವ್ಯವಸ್ಥೆಯನ್ನು ಒಂದು ಬೇಸಿಗೆ, ಒಂದು ಮಳೆಗಾಲ ಪ್ರಾಯೋಗಿಕವಾಗಿ ನಡೆಸಿ, ಪ್ರತಿ ತಿಂಗಳ ವಾಹನ, ನೀರು ಮತ್ತು ಕಸದ ಅಂಕಿಗಳನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕಕ್ಕೆ ಹಾಕಿಸಿ. ಕಟ್ಟಡಗಳ ಪಟ್ಟಿಯನ್ನು ಆ ಅಂಕಿಗಳು ಬಂದ ನಂತರದ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಿ.