ಕಾಚಂಪುಳಿಯ ಲಾವಾ ಲ್ಯಾಂಪ್

ವಿರಾಜಪೇಟೆ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಸಾಂದ್ರತೆಯ ಪಾಠ ಬಂದಾಗಲೆಲ್ಲ ಮಕ್ಕಳಿಂದ ಲಾವಾ ಲ್ಯಾಂಪ್, ಅಂದರೆ ಒಳಗೆ ಬಣ್ಣದ ಹನಿಗಳು ಏರಿಳಿಯುವ ದೀಪದಂಥದ್ದನ್ನು, ಮಾಡಿಸುತ್ತೇನೆ. ಸಾಮಾನ್ಯವಾಗಿ ಇದಕ್ಕೆ ಬಣ್ಣದ ನೀರಿನ ಮೇಲೆ ಎಣ್ಣೆ ಸುರಿದು, ನೊರೆಯುಕ್ಕುವ ಮಾತ್ರೆಯ ಚೂರೊಂದನ್ನು ಹಾಕುವುದು ರೂಢಿ. ಆದರೆ ಆ ಮಾತ್ರೆಯಲ್ಲಿ ಆಮ್ಲವೂ ಸೋಡಾವೂ ಮೊದಲೇ ಬೆರೆತಿರುವುದರಿಂದ, ಯಾವುದು ಯಾವುದಕ್ಕೆ ತಾಗಿ ಗುಳ್ಳೆ ಎದ್ದಿತೆಂಬುದು ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಾಗಿ ನಾನು ಎರಡನ್ನೂ ಬೇರೆಬೇರೆ ಇಟ್ಟು, ಆಮ್ಲವಾಗಿ ಕೊಡಗಿನ ಅಡುಗೆಯ ಕಪ್ಪು ಹಣ್ಣಿನ ಹುಳಿಯಾದ ನಮ್ಮ ಕಾಚಂಪುಳಿಯನ್ನೇ ಬಳಸುತ್ತೇನೆ. ಅದರ ಬೆಲೆ ಬಲ್ಲವರು ಹುಬ್ಬೇರಿಸಬಹುದು. ಒಂದು ಗುಂಪಿನ ಮಕ್ಕಳಿಗೆ ಒಂದು ಚಮಚ ಸಾಕು. ಅದೂ ಬೇಡವೆಂದರೆ ಬೀಟ್‌ರೂಟ್ ರಸ ಬೆರೆಸಿದ ನಿಂಬೆಹುಳಿಯಿಂದಲೂ ಕೆಲಸ ಆಗುತ್ತದೆ.

ಉದ್ದನೆಯ ಗಾಜಿನ ಲೋಟದ ತಳಕ್ಕೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಅದು ಕದಡದಂತೆ ಲೋಟದ ಅಂಚಿನಿಂದ ಮುಕ್ಕಾಲು ಭಾಗದವರೆಗೆ ಸೂರ್ಯಕಾಂತಿ ಎಣ್ಣೆ ಇಳಿಸಬೇಕು. ಮಕ್ಕಳು ಮನೆಯಿಂದ ತೆಂಗಿನೆಣ್ಣೆ ತರುವುದುಂಟು, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಕೊಡಗಿನ ಮಳೆಗಾಲದಲ್ಲಿ ಅದನ್ನು ನಂಬಿ ಪಾಠ ಮಾಡುವಂತಿಲ್ಲ. ಕಾಚಂಪುಳಿಗೆ ಮೂರು ಪಾಲು ನೀರು ಬೆರೆಸಿದರೆ ಕಾಫಿ ಡಿಕಾಕ್ಷನ್ನಿನಂಥ ಬಣ್ಣ ಬರುತ್ತದೆ. ಬೇರೆ ಬಣ್ಣ ಬೇಕಿಲ್ಲ.

ಇನ್ನು ಡ್ರಾಪರಿನಿಂದ ಒಂದೊಂದೇ ಹನಿ ಬಿಡುವುದು. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗಿದರೆ ಅಷ್ಟೇ ಎಣ್ಣೆ ಸುಮಾರು 0.92 ಗ್ರಾಂ ತೂಗುತ್ತದೆ. ಈ ಚಿಕ್ಕ ವ್ಯತ್ಯಾಸದಿಂದಲೇ ಹನಿ ಅವಸರವಿಲ್ಲದೆ, ಗುಂಡಗೆ, ಕೆಳಗಿಳಿಯುತ್ತದೆ. ತಳ ಮುಟ್ಟಿದ ಮೇಲೆ ಎಣ್ಣೆ ಸವರಿದ ಸೋಡಾದ ಮೇಲೆ ಅದು ಕ್ಷಣಹೊತ್ತು ಸುಮ್ಮನೆ ಕೂರುತ್ತದೆ. ಬಳಿಕ ಅದರ ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತ, ಹನಿಯನ್ನೇ ಎತ್ತಿಕೊಂಡು ಮೇಲೇರುತ್ತವೆ. ಮೇಲ್ಮೈಯಲ್ಲಿ ಗುಳ್ಳೆ ಒಡೆದು ಇಂಗಾಲದ ಡೈಆಕ್ಸೈಡ್ ಹೊರಹೋದೊಡನೆ, ಆಸರೆ ತಪ್ಪಿದ ಹನಿ ಮತ್ತೆ ಮುಳುಗುತ್ತದೆ. ಲೋಟದ ಹಿಂದೆ ಮೊಬೈಲಿನ ಟಾರ್ಚ್ ಹಚ್ಚಿಟ್ಟರೆ ಇದೆಲ್ಲ ಹಿಂದಿನ ಬೆಂಚಿಗೂ ಕಾಣುತ್ತದೆ.

"ಮೇಡಂ, ಬಣ್ಣ ಯಾಕೆ ಎಣ್ಣೆಗೆ ಹಿಡಿಯಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನಾನು ಉತ್ತರಿಸದೆ, ಇನ್ನೊಂದು ಲೋಟದ ಎಣ್ಣೆಗೆ ಅರಿಶಿನ ಹಾಕಿ ಕದಡಲು ಹೇಳುತ್ತೇನೆ. ಅರಿಶಿನದ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ಕಾಚಂಪುಳಿಯ ಬಣ್ಣ ನೀರನ್ನು ಬಿಟ್ಟು ಬರುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಒಂದು ವಿಷಯವನ್ನು ಮಾತ್ರ ಬಾಯಿಬಿಟ್ಟು ಹೇಳಲೇಬೇಕು. ಇಂಗ್ಲೆಂಡಿನ ಎಡ್ವರ್ಡ್ ಕ್ರೇವನ್ ವಾಕರ್ 1963ರಲ್ಲಿ ಮಾರುಕಟ್ಟೆಗೆ ತಂದ ನಿಜವಾದ ಲಾವಾ ಲ್ಯಾಂಪಿನಲ್ಲಿ ಅನಿಲದ ಪಾತ್ರವೇ ಇಲ್ಲ: ಬಲ್ಬಿನ ಬಿಸಿಗೆ ಮೇಣ ಹಿಗ್ಗಿ ಹಗುರಾಗಿ ಏರುತ್ತದೆ, ಮೇಲೆ ತಣಿದು ಇಳಿಯುತ್ತದೆ. ನೋಟ ಒಂದೇ ಆದರೂ ಕಾರಣ ಬೇರೆ ಎಂಬುದನ್ನು ಬಿಟ್ಟರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ.

ಬಾಟಲಿಯಲ್ಲಿ ಮಾಡುವವರು ಗುಳ್ಳೆ ಏಳುತ್ತಿರುವಾಗ ಮುಚ್ಚಳ ಬಿಗಿಯಕೂಡದು. ಒಳಗಿನ ಅನಿಲದ ಒತ್ತಡಕ್ಕೆ ಅದು ಸಿಡಿಯಬಹುದು. ಮುಗಿದ ಮೇಲೆ ರಾತ್ರಿಯಿಡೀ ಬಿಟ್ಟರೆ ಎಣ್ಣೆ ಮೇಲೆ ತಿಳಿಯಾಗಿ ನಿಲ್ಲುತ್ತದೆ. ಅದನ್ನು ಅಡುಗೆಗೂ ಚರಂಡಿಗೂ ಸೇರಿಸದೆ, ಚೀಟಿ ಅಂಟಿಸಿದ ಬಾಟಲಿಯಲ್ಲಿ ಮುಂದಿನ ತರಗತಿಗೆ ಎತ್ತಿಡುತ್ತೇನೆ.